ಹುಮನಾಬಾದಿನ ಬಿಸಿಲು, ಹಾಲಿನ ಸೈಕಲ್ಲು

ನಮ್ಮ ಬೀದರ ಜಿಲ್ಲೆಯ ಬೇಸಿಗೆಯನ್ನು ಕುರಿತು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಆದರೆ ಇದನ್ನು ಓದುವ ಬಂಧುಗಳಲ್ಲಿ ಕೆಲವರು ಮೈಸೂರು, ಶಿವಮೊಗ್ಗದ ಕಡೆಯವರು. ಅವರಿಗಾಗಿ ಒಂದು ಮಾತು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಂದು ಸರ್ಕಾರಿ ಕಚೇರಿಗಳು ಬೆಳಗಿನ 8 ಗಂಟೆಗೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಎಷ್ಟೋ ವರ್ಷಗಳಿಂದ ಇದೆ. ಸರ್ಕಾರವೇ ಬಿಸಿಲಿಗೆ ಅಂಜಿ ಮನೆಗೆ ನಡೆಯುವ ಸೀಮೆ ನಮ್ಮದು. ಅಂಥ ಬಿಸಿಲಿನಲ್ಲಿ, 1986ರ ಏಪ್ರಿಲ್ ಕೊನೆಯ ವಾರದ ಒಂದು ದಿನ, 14 ಜನ ಹುಡುಗರನ್ನು ಕಟ್ಟಿಕೊಂಡು ನಾವಿಬ್ಬರು ಮಾಸ್ತರರು ಬಸವಕಲ್ಯಾಣದಿಂದ ಹುಮನಾಬಾದಿಗೆ ಸೈಕಲ್ಲಿನ ಮೇಲೆ ಹೋಗಿ ಬಂದೆವು. ನನ್ನೊಡನೆ ಇದ್ದವರು ನಮ್ಮ ಶಾಲೆಯ ಪಿ.ಟಿ. ಮಾಸ್ತರರು. ಅವರು ಈಗಿಲ್ಲ. ಹುಡುಗರಲ್ಲಿ ನಾಲ್ಕೈದು ಜನರಾದರೂ ಇದನ್ನು ಓದುವರೆಂದು ಬಲ್ಲೆ. ಆದುದರಿಂದ ಯಾರ ಹೆಸರನ್ನೂ ಬರೆಯದೆ, ನಡೆದುದನ್ನು ನಡೆದಂತೆ ಬರೆಯುತ್ತೇನೆ.

ಚಳಿಗಾಲದಲ್ಲಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಲಾಗುತ್ತಿರಲಿಲ್ಲ. ಹಿಂಗಾರಿ ಜೋಳದ ರಾಶಿಯಾಗುವ ತನಕ ನಮ್ಮ ಹುಡುಗರಲ್ಲಿ ಅರ್ಧ ಜನ ಹೊಲದಲ್ಲಿರುತ್ತಿದ್ದರು, ಅನಂತರ ಪರೀಕ್ಷೆ. ಅದಕ್ಕಿಂತ ಮುಖ್ಯವಾದುದು, ಸೈಕಲ್ಲು ಸಿಗುವುದೇ ಆಗ. ಹುಡುಗನಿಗೆಂದು ಪ್ರತ್ಯೇಕ ಸೈಕಲ್ಲು ಇದ್ದ ಮನೆ ಊರಿನಲ್ಲಿ ಬೆರಳೆಣಿಕೆಯಷ್ಟು. ಉಳಿದವು ತಂದೆಯದೋ ಕಾಕಾನದೋ, ಇಲ್ಲವೆ ತಾಸಿನ ಲೆಕ್ಕದ ಬಾಡಿಗೆಯದು. ಹುಡುಗಿಯರ ಮಾತಂತೂ ದೂರ. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ಲು ಕೊಡುವ ಯೋಜನೆ ಬಂದದ್ದು 2006–07ರಲ್ಲಿ. ನಾಲ್ಕಾರು ಹುಡುಗಿಯರು ಸಾಲಾಗಿ ಪೆಡಲ್ಲು ತುಳಿಯುತ್ತ ಶಾಲೆಗೆ ಬರುವುದನ್ನು ನಾನು ಕಂಡದ್ದು ನಿವೃತ್ತಿಯ ಅಂಚಿನಲ್ಲಿ.

ಆ 14 ಸೈಕಲ್ಲುಗಳಲ್ಲಿ ಒಂದು ಹಾಲಿನ ಸೈಕಲ್ಲು. ಅದನ್ನು ತಂದ ಹುಡುಗನ ತಂದೆ ಎರಡು ಎಮ್ಮೆ, ಒಂದು ಆಕಳು ಕಟ್ಟಿಕೊಂಡು ಊರಿನ 23 ಮನೆಗಳಿಗೆ ಎರಡು ಹೊತ್ತು ಹಾಲು ಹಾಕುತ್ತಿದ್ದರು. ನಮ್ಮ ಮನೆಯೂ ಅದರಲ್ಲಿ ಒಂದು. ಕ್ಯಾರಿಯರಿನ ಎರಡೂ ಬದಿಗೆ ಕಮ್ಮಾರನಿಂದ ಹೊಡೆಸಿದ ಕಬ್ಬಿಣದ ಕೊಂಡಿಗಳು, ಕೊಂಡಿಗೆ ಕ್ಯಾನು. ಹಿಂದಿನ ದಿನ ಸಂಜೆ ಹಾಲು ಹಾಕಲು ಬಂದಾಗ ಅವರು ನನ್ನ ಕಟ್ಟೆಯ ಮುಂದೆ ನಿಂತು ಹೇಳಿದರು: "ಹುಡುಗ ಹಟ ಹಿಡದಾನ್ರಿ ಸರ್, ಒಯ್ಲಿ. ಮುಂಜಾನಿ ಹಾಲು ನಾ ತಲಿ ಮ್ಯಾಲ ಹೊತ್ತು ಹಾಕ್ತೀನಿ. ಖರೆ ಹೊತ್ತು ಮುಳಗೂದರಾಗ ಸೈಕಲ್ ಮನಿಗಿ ಬರ್ಬೇಕ್ರಿ. ಸಂಜಿ ಹಾಲು ಭಾಳ ಅದ." ಬರುತ್ತದೆಂದು ನಾನು ಮಾತು ಕೊಟ್ಟೆ.

ಬೆಳಗಿನ 5 ಗಂಟೆಗೆ ಕೋಟೆಯ ಮುಂದೆ ಎಲ್ಲರೂ ಕೂಡಿದೆವು. ಅಷ್ಟು ಹೊತ್ತಿನಲ್ಲಿಯೂ ಕೋಟೆಯ ಕಲ್ಲು ಹಿಂದಿನ ದಿನದ ಬಿಸಿಯನ್ನು ಬಿಟ್ಟಿರಲಿಲ್ಲ, ಕೈಯಿಟ್ಟರೆ ಜ್ವರ ಬಂದವನ ಹಣೆಯಂತೆ ಇತ್ತು. ಮಾಸ್ತರನ ಚಾಳಿ ಬಿಡದಲ್ಲ, ಎರಡು ಮಾತು ಹೇಳಿದೆ. ಚಾಲುಕ್ಯರ ಒಂದನೆಯ ಸೋಮೇಶ್ವರ ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದದ್ದು, ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ್ದು, ಹಿಂದೂ ಕಾನೂನಿಗೆ ಆಧಾರವಾದ ಮಿತಾಕ್ಷರವನ್ನು ವಿಜ್ಞಾನೇಶ್ವರ ಇದೇ ಊರಿನಲ್ಲಿ ಬರೆದದ್ದು, ಬಿಲ್ಹಣ ಕವಿ ಕಾಶ್ಮೀರದಿಂದ ಇಲ್ಲಿಯ ಆಸ್ಥಾನಕ್ಕೆ ಬಂದದ್ದು. "ಕಾಶ್ಮೀರದಿಂದ ಸೈಕಲ್ ಇಲ್ದ ಬಂದಾನ್ರೋ, ನಮಗ ಹುಮನಾಬಾದ ದೂರೇನು?" ಎಂದು ಪಿ.ಟಿ. ಮಾಸ್ತರರು ಮುಗಿಸಿದರು. ಬಸವಣ್ಣನವರನ್ನು ಕುರಿತು ಹೇಳುವ ಅಗತ್ಯವಿರಲಿಲ್ಲ. ಅವರ ಹೆಸರನ್ನೇ ಊರು 1956ರಿಂದ ಹೊತ್ತಿದೆ, ಹುಡುಗರು ದಿನವೂ ಶಾಲೆಗೆ ಬರುವುದು ಅವರ ಗುಡಿಯ ಮುಂದಿನಿಂದಲೇ.

ದಾರಿಯೇನೋ ದೂರದ್ದಲ್ಲ, ಹೋಗಲು ಮೂವತ್ತು ಕಿಲೋಮೀಟರಿಗೆ ಕೊಂಚ ಹೆಚ್ಚುಕಡಿಮೆ. ಊರಿನಿಂದ ಸಸ್ತಾಪುರ ಬಂಗಲೆಯ ಕೂಟಕ್ಕೆ ಬಂದರೆ ಅಲ್ಲಿ ಸೋಲಾಪುರ–ಹೈದರಾಬಾದ ಹೆದ್ದಾರಿ ಸೇರುತ್ತದೆ. ಆಗ ಅದು 9ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿ, ಈಗ 65. ಅಂದು ಎರಡು ಲಾರಿಗಳು ಎದುರುಬದುರಾದರೆ ಸೈಕಲ್ಲಿನವನು ಮಣ್ಣಿಗೆ ಇಳಿಯಲೇಬೇಕಾದ ದಾರಿ. ಅದಕ್ಕಾಗಿಯೇ ಪಿ.ಟಿ. ಮಾಸ್ತರರು ಎಲ್ಲರನ್ನೂ ಒಬ್ಬರ ಹಿಂದೆ ಒಬ್ಬರಂತೆ ಸಾಲು ಹಚ್ಚಿ, ತಾವು ಮುಂದೆ, ನಾನು ಹಿಂದೆ ಎಂದು ಗೊತ್ತುಮಾಡಿದ್ದರು. ಲಾರಿ ಬಂದಾಗ ಸೀಟಿ ಊದುವುದು ನನ್ನ ಕೆಲಸ.

ಈ ದಾರಿಯ ಒಂದು ವಿಶೇಷವನ್ನು ಹೇಳಲೇಬೇಕು. ಕಲ್ಯಾಣ ಪಶ್ಚಿಮಕ್ಕೆ, ಹುಮನಾಬಾದ ಪೂರ್ವಕ್ಕೆ. ಬೆಳಗ್ಗೆ ಹೋಗುವಾಗ ಸೂರ್ಯ ಮುಖದ ಮೇಲೆ, ಸಂಜೆ ಬರುವಾಗಲೂ ಮುಖದ ಮೇಲೆ. ಹುಮನಾಬಾದಿನವರು ಕಲ್ಯಾಣಕ್ಕೆ ಬಂದು ಹೋದರೆ ಎರಡೂ ಹೊತ್ತು ಬೆನ್ನಿಗೇ ಬಿಸಿಲು. "ಅವರ ನಸೀಬ ಛಲೋ ಅದ್ರಿ ಸರ್" ಎಂದ ಒಬ್ಬ. ಭೂಗೋಳದ ಪಾಠವೊಂದು ಅಷ್ಟು ಚೆನ್ನಾಗಿ ಅರ್ಥವಾದುದನ್ನು ನಾನು ತರಗತಿಯಲ್ಲಿ ಕಂಡಿರಲಿಲ್ಲ. ಮಣ್ಣಿನ ಬಣ್ಣವೂ ಹಾಗೆಯೇ. ಕಲ್ಯಾಣದ ಸುತ್ತ ಬಿರಿದು ಬಾಯಿಬಿಟ್ಟ ಕರಿಯ ಎರೆ, ಹುಮನಾಬಾದು ಸಮೀಪಿಸಿದಂತೆ ಅದು ಕೆಂಪಾಗಿ, ಬೀದರಿನವರೆಗೂ ಹಬ್ಬಿದ ಜಂಬಿಟ್ಟಿಗೆಯ ನೆಲ. ಇಂಥ ಕಲ್ಲಿಗೆ ಲ್ಯಾಟರೈಟ್ ಎಂದು 1807ರಲ್ಲಿ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ ಅದನ್ನು ಗುರುತಿಸಿದ್ದು ಕೇರಳದ ಅಂಗಾಡಿಪುರದಲ್ಲಿ. ನೆಲದಲ್ಲಿರುವಾಗ ಕೊಯ್ಯಲು ಬರುವಷ್ಟು ಮೆದು, ಗಾಳಿ ಬಿಸಿಲಿಗೆ ಒಡ್ಡಿದರೆ ಗಟ್ಟಿ. ಹುಡುಗರು ಎರೆಯ ಧೂಳನ್ನು ಕಾಲಿಗೂ, ಕೆಂಪು ಧೂಳನ್ನು ತಲೆಗೂ ಹಚ್ಚಿಕೊಂಡು ಹುಮನಾಬಾದು ಸೇರಿದರು.

ನಡುವೆ ರಾಜೇಶ್ವರದಲ್ಲಿ ಇಳಿದು ಸುಸಲಾ, ಮಿರ್ಚಿ ಭಜಿ, ಚಹಾ. ನನ್ನ ಕಿಸೆಪುಸ್ತಕದಲ್ಲಿ ಆ ದಿನದ ಖರ್ಚಿನ ಪುಟ ಇನ್ನೂ ಇದೆ. ಭಜಿಯ ಸಾಲಿನ ಮುಂದೆ ಪಿ.ಟಿ. ಮಾಸ್ತರರ ಕೈಬರಹದಲ್ಲಿ "ಲೆಕ್ಕ ಕೇಳಬಾರದು" ಎಂದಿದೆ.

ಹುಮನಾಬಾದಿನಲ್ಲಿ ವೀರಭದ್ರೇಶ್ವರನ ದರ್ಶನ ಮುಗಿಸಿಕೊಂಡು ಮಾಣಿಕನಗರಕ್ಕೆ ಹೋದಾಗ ಹತ್ತು ಗಂಟೆ. ಮಾಣಿಕಪ್ರಭುಗಳು ಹುಟ್ಟಿದ್ದು 1817ರಲ್ಲಿ, ನಮ್ಮ ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ. ಅವರ ಬಾಲ್ಯ ಕಳೆದದ್ದು ಕಲ್ಯಾಣದಲ್ಲಿಯೇ, ಸೋದರಮಾವನ ಮನೆಯಲ್ಲಿ. 1865ರಲ್ಲಿ ಅವರು ಸಮಾಧಿಸ್ಥರಾದದ್ದು ಇಲ್ಲಿ. ಎಲ್ಲ ಮತಗಳನ್ನೂ ಒಪ್ಪುವ ಅವರ ದಾರಿಗೆ ಸಕಲಮತ ಸಂಪ್ರದಾಯವೆಂದು ಹೆಸರು. ಮರಾಠಿ, ಕನ್ನಡ, ಉರ್ದು ಎನ್ನದೆ ಹಲವು ಭಾಷೆಗಳಲ್ಲಿ ಪದ ಕಟ್ಟಿದವರು. ನಮ್ಮ ತಂಡವೂ ಹಾಗೆಯೇ ಇತ್ತೆನ್ನಿ. ಮನೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಆಡುವ ಮೂರೂ ಬಗೆಯ ಹುಡುಗರು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಉಂಡರು. ಉಂಡ ಮೇಲೆ ನೆರಳಿನ ತಂಪು ಕಲ್ಲಿನ ಮೇಲೆ ಎಲ್ಲರೂ ನಿದ್ದೆ ಹೋದರು.

ಅಲ್ಲಿಂದ ಜಲಸಂಗಿಗೆ ಹೋಗುವ ಆಸೆ ನನಗಿತ್ತು. ಅಲ್ಲಿಯ ಚಾಲುಕ್ಯರ ಗುಡಿಯ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬೆನ್ನು ತಿರುಗಿಸಿ ನಿಂತು ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಶಾಸನ. ಬೆಳಗ್ಗೆ ಕೋಟೆಯ ಮುಂದೆ ಹೇಳಿದ ಮಾತಿಗೆ ಅಲ್ಲಿ ಸಾಕ್ಷಿ ತೋರಿಸಬೇಕೆಂದಿದ್ದೆ. ಆದರೆ ಹಾಲಿನ ಹುಡುಗ ಎಚ್ಚರವಾಗಿಯೇ ಕುಳಿತು ಬಿಸಿಲನ್ನು ನೋಡುತ್ತಿದ್ದ. ಅವನ ಮುಖ ನೋಡಿ ಜಲಸಂಗಿಯನ್ನು ಕೈಬಿಟ್ಟೆ. 3 ಗಂಟೆಗೆ ಹೊರಟರೆ ನಡುವೆ ಎರಡು ಸಲ ನಿಂತರೂ 6ಕ್ಕೆ ಊರು. ಹೊತ್ತು ಮುಳುಗಲು ಆಗ ಇನ್ನೂ ಅರ್ಧ ತಾಸಿಗಿಂತ ಹೆಚ್ಚು ಇರುತ್ತದೆ.

ಹೊರಟ ಮೇಲೆ ತಿಳಿಯಿತು, ಬೆಳಗಿನದು ಬಿಸಿಲೇ ಅಲ್ಲವೆಂದು. ಡಾಂಬರು ಮೆತ್ತಗಾಗಿ ಟಯರಿಗೆ ಅಂಟಿ ಚಿಟಿಚಿಟಿ ಎನ್ನುತ್ತಿತ್ತು. ಎದುರಿನಿಂದ ಬಿಸಿಗಾಳಿ, ರೊಟ್ಟಿಯ ಹಂಚಿನ ಮುಂದೆ ಮುಖ ಹಿಡಿದಂತೆ. ಅರ್ಧ ತಾಸು ಕಳೆದಿರಲಿಕ್ಕಿಲ್ಲ, ಬಂದೂಕು ಹಾರಿದ ಸದ್ದು. ಹಾಲಿನ ಸೈಕಲ್ಲಿನ ಹಿಂದಿನ ಟಯರು ಒಡೆದಿತ್ತು.

ಬಿಸಿಲಿಗೆ ಗಾಳಿ ಹಿಗ್ಗಿ ಟಯರು ಒಡೆಯಿತೆಂದು ಎಲ್ಲರೂ ಹೇಳುತ್ತಾರೆ. ವಿಜ್ಞಾನದ ಮಾಸ್ತರನಾಗಿ ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಟ್ಯೂಬಿನ ಒಳಗಿನ ಗಾಳಿ 25 ಡಿಗ್ರಿಯಿಂದ 50 ಡಿಗ್ರಿಗೆ ಕಾದರೂ, ನಿರಪೇಕ್ಷ ಮಾನದಲ್ಲಿ ಅದು 298ರಿಂದ 323ಕ್ಕೆ ಏರಿದಂತೆ. ಒತ್ತಡ ಹೆಚ್ಚುವುದು ನೂರಕ್ಕೆ ಎಂಟರಷ್ಟು. ಒಳ್ಳೆಯ ಟಯರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಒಡೆಯುವುದು ದಾರ ಸವೆದ ಟಯರು. ವರ್ಷಗಟ್ಟಲೆ ದಿನಕ್ಕೆರಡು ಸಲ ತುಂಬಿದ ಕ್ಯಾನು ಹೊತ್ತ ಟಯರು ಅದು. ಬದಿಯಲ್ಲಿ ನಾಲ್ಕು ಬೆರಳಷ್ಟು ಸೀಳಿತ್ತು. ಪಿ.ಟಿ. ಮಾಸ್ತರರು ಚೀಲದಲ್ಲಿದ್ದ ಹಳೆಯ ಟಯರಿನ ತುಂಡನ್ನು ಒಳಗಿಟ್ಟು, ಬೇರೆ ಟ್ಯೂಬು ಸೇರಿಸಿ, ಮೇಲೆ ಸುತಳಿ ಬಿಗಿದು ಗಾಳಿ ಹೊಡೆದರು. ಮೂರು ಕಿಲೋಮೀಟರು ಬಂತು. ಮತ್ತೆ ಅದೇ ಸದ್ದು.

ಈ ಸಲ ಹುಡುಗ ಯಾರಿಗೂ ಏನೂ ಹೇಳಲಿಲ್ಲ. ಸೈಕಲ್ಲನ್ನು ನೂಕುತ್ತ ಓಡತೊಡಗಿದ. ನಾನು ಹಿಂದಿನಿಂದ ಕೂಗಿದೆ, ಸೀಟಿ ಊದಿದೆ. "ನಿಲ್ಲಂಗಿಲ್ರಿ ಸರ್, ಅಪ್ಪ ಕಾಯ್ತಾನ" ಎಂದು ತಿರುಗಿಯೂ ನೋಡದೆ ಓಡಿದ. ಸೈಕಲ್ಲಿನಲ್ಲಿ ಅವನನ್ನು ದಾಟಿ ಅಡ್ಡ ನಿಲ್ಲಿಸುವಷ್ಟರಲ್ಲಿ ಅವನ ಕಾಲು ತೊಡರುತ್ತಿತ್ತು. ತೋಳಿನ ಮೇಲೆ, ಆ ಬಿಸಿಲಿನಲ್ಲಿ, ಚಳಿಗೆ ಎದ್ದಂತೆ ರೋಮ ನಿಂತಿತ್ತು. ವಾಂತಿ ಮಾಡಿಕೊಂಡು ಕುಸಿದ.

ರಸ್ತೆಯ ಬದಿಯಲ್ಲಿ ಒಂದು ದೊಡ್ಡ ಹುಣಸೆಯ ಮರ ಇದ್ದುದು ನಮ್ಮ ಪುಣ್ಯ. ನೆರಳಿಗೆ ಎತ್ತಿ ಮಲಗಿಸಿ, ಅಂಗಿ ಬಿಚ್ಚಿ, ಕಾಲ ಕೆಳಗೆ ಚೀಲಗಳನ್ನಿಟ್ಟು ಎತ್ತರ ಮಾಡಿದೆವು. ನನ್ನ ಟುವಾಲನ್ನು ನೀರಿನಲ್ಲಿ ಅದ್ದಿ ಮೈಮೇಲೆ ಹೊದಿಸಿ, ನಾಲ್ವರು ಹುಡುಗರು ಅಂಗಿ ಬೀಸಿ ಗಾಳಿ ಹಾಕಿದರು. ಒದ್ದೆ ಬಟ್ಟೆಯಿಂದ ನೀರು ಆರುವಾಗ ಪ್ರತಿ ಗ್ರಾಮಿಗೂ ಐನೂರಕ್ಕೂ ಹೆಚ್ಚು ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ, ಮಣ್ಣಿನ ಹರವಿ ನೀರನ್ನು ತಣ್ಣಗಿಡುವ ಲೆಕ್ಕವೇ ಇದು. ಅವನೊಡನೆ ನಾನು ಮಾತು ಬಿಡಲಿಲ್ಲ. ಎಷ್ಟು ಮನೆಗೆ ಹಾಲು ಹಾಕುತ್ತೀರಿ, ಮೊದಲ ಮನೆ ಯಾರದು, ಎರಡನೆಯದು ಯಾರದು. ಉತ್ತರ ತಪ್ಪದೆ ಬರುತ್ತಿರುವ ತನಕ ಭಯವಿಲ್ಲ. ಮಾತು ತೊದಲಿ ಅಸಂಬದ್ಧವಾದರೆ ಅದು ಬಿಸಿಲಾಘಾತ, ಆಗ ಮೈ ತಣಿಸುತ್ತಲೇ ಆಸ್ಪತ್ರೆಗೆ ಓಡಬೇಕು, ಒಂದು ನಿಮಿಷವೂ ಕಾಯಬಾರದು. ಇದನ್ನು ಮಾತ್ರ ಓದುಗರು ಮನಸ್ಸಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಆ ಹುಡುಗ ಹದಿನೇಳನೆಯ ಮನೆಯವರೆಗೂ ಸರಿಯಾಗಿ ಹೇಳಿದ.

ಹೊಲದ ಗುಡಿಸಲಿನಿಂದ ಒಬ್ಬ ಮುದುಕಿ ಬಂದಳು. "ಕೂಸಿಗಿ ಏನಾತೋ ಯಪ್ಪಾ" ಎನ್ನುತ್ತ ಮತ್ತೆ ಗುಡಿಸಲಿಗೆ ಓಡಿ, ಉಪ್ಪು ಹಾಕಿದ ತೆಳು ಮಜ್ಜಿಗೆ ತಂದಳು. ಒಂದು ಲೀಟರು ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಲೆಕ್ಕ ನನಗೆ ಬಾಯಿಪಾಠವಿತ್ತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇಂಥದೇ ಉಪ್ಪು-ಸಕ್ಕರೆಯ ನೀರು ಕುಡಿಸಿ ಎಷ್ಟೋ ಜೀವ ಉಳಿಸಿದರು. ಅವರು ತೀರಿಕೊಂಡದ್ದು 2022ರಲ್ಲಿ, ಪದ್ಮವಿಭೂಷಣ ಬಂದದ್ದು ಮರುವರ್ಷ, ಅವರಿಲ್ಲದಾಗ. ಸಕ್ಕರೆ ನಮ್ಮ ಬಳಿ ಇರಲಿಲ್ಲ. ಮುದುಕಿಯ ಮಜ್ಜಿಗೆ ಗುಟುಕು ಗುಟುಕಾಗಿ ಇಳಿಯಿತು. ಹೊಟ್ಟೆಯಲ್ಲಿ ನಿಂತಿತು.

ಹುಡುಗ ಚೇತರಿಸಿಕೊಂಡ. ಆದರೆ ಏಳಲು ಬಿಡುವ ಸ್ಥಿತಿಯಲ್ಲ. ಗಂಟೆ ನಾಲ್ಕೂವರೆ ದಾಟಿತ್ತು. ಅವನು ಮಲಗಿದಲ್ಲಿಯೇ ಅಳತೊಡಗಿದ. ಆಗ ಬಟ್ಟೆ ಅಂಗಡಿಯವರ ಮಗ, ತರಗತಿಯಲ್ಲಿ ಬಾಯಿಬಿಟ್ಟು ಉತ್ತರ ಹೇಳಿದವನಲ್ಲ, ತನ್ನ ಹೊಸ ಸೈಕಲ್ಲನ್ನು ತಂದು ಮಲಗಿಸಿದ. "ನನ್ನ ಹಿಂದಿನ ಗಾಲಿ ಬಿಚ್ಚಿ ಅದಕ್ಕ ಹಾಕ್ರಿ ಸರ್. ಎರಡೂ 28 ಇಂಚಿಂದೇ ಅವ."

ಬೇರೆ ಸೈಕಲ್ಲನ್ನೇ ಒಯ್ದು ಕೊಟ್ಟರಾಗದೆ ಎಂದು ನಿಮಗೆ ತೋರಬಹುದು. ಕ್ಯಾನಿನ ಕೊಂಡಿಗಳಿದ್ದುದು ಹಾಲಿನ ಸೈಕಲ್ಲಿಗೆ ಮಾತ್ರ. ಅಂದಿನ ಸೈಕಲ್ಲುಗಳ ದೊಡ್ಡ ಗುಣವೆಂದರೆ ಹೀರೊ, ಅಟ್ಲಾಸ್, ಹರ್ಕ್ಯುಲಿಸ್ ಯಾವುದೇ ಇರಲಿ, ದೊಡ್ಡವರ ಕರಿಯ ಸೈಕಲ್ಲಿನ ಗಾಲಿ, ಚೈನು, ನಟ್ಟು ಒಂದರದು ಇನ್ನೊಂದಕ್ಕೆ ಕೂಡುತ್ತಿದ್ದವು. ಈಗಿನ ಗೇರಿನ ಸೈಕಲ್ಲುಗಳಲ್ಲಿ ಹೀಗೆ ಮಾಡಲು ಹೊರಟರೆ ಮೆಕ್ಯಾನಿಕ್ಕು ನಗುತ್ತಾನೆ. ಅಟ್ಲಾಸ್‌ನವರ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು ನಿಂತಿತು. ಅಂದೇ ವಿಶ್ವ ಬೈಸಿಕಲ್ ದಿನ. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಈ ಹುಣಸೆಯ ಮರ ನೆನಪಾಗಿತ್ತು.

ಪಿ.ಟಿ. ಮಾಸ್ತರರ ಪಾನದಿಂದ ಸ್ಟ್ಯಾಂಡು, ಕ್ಯಾರಿಯರು, ಮಡ್‌ಗಾರ್ಡಿನ ಕಡ್ಡಿ ಬಿಚ್ಚಿ, ಗಾಲಿ ತೆಗೆದು, ಚೈನು ಏರಿಸಿ ಬಿಗಿಯುವಷ್ಟರಲ್ಲಿ ಇಪ್ಪತ್ತು ನಿಮಿಷ. ಬಿಸಿಲಿಗೆ ಕಾದ ನಟ್ಟುಗಳು ಬೆರಳು ಸುಡುತ್ತಿದ್ದುದರಿಂದ ದಸ್ತಿ ಸುತ್ತಿ ಹಿಡಿಯಬೇಕಾಯಿತು. ತಂಡದಲ್ಲಿ ಜೋರಾಗಿ ತುಳಿಯುವ ಇಬ್ಬರನ್ನು ಆರಿಸಿದೆವು. ಒಬ್ಬ ಹಾಲಿನ ಸೈಕಲ್ಲಿನ ಮೇಲೆ, ಇನ್ನೊಬ್ಬ ಜೊತೆಗೆ ತನ್ನದರ ಮೇಲೆ. ದಾರಿಯಲ್ಲಿ ಎರಡು ಸಲ ಇಳಿದು ನೀರು ಕುಡಿಯಲೇಬೇಕೆಂದು ಆಣೆ ಮಾಡಿಸಿ ಕಳುಹಿದೆ. ಉಳಿದ 10 ಜನರನ್ನು ಪಿ.ಟಿ. ಮಾಸ್ತರರು ಬಿಸಿಲಿಳಿದ ಮೇಲೆ ಕರೆತಂದರು. ನಾನು, ಹಾಲಿನ ಹುಡುಗ, ಬಟ್ಟೆ ಅಂಗಡಿಯವರ ಮಗ ಮೂವರೂ ಕೈಮಾಡಿ ಬಸ್ಸು ನಿಲ್ಲಿಸಿ, ಮೂರು ಸೈಕಲ್ಲುಗಳನ್ನೂ ಒಡೆದ ಗಾಲಿಯನ್ನೂ ಮೇಲೆ ಹಾಕಿಸಿದೆವು. "ಇದರ ಗಾಲಿ ಎಲ್ಲಿ?" ಎಂದು ಕಂಡಕ್ಟರು ಕೇಳಿದ್ದಕ್ಕೆ "ಮುಂದ ಹೋಗ್ಯಾದ್ರಿ" ಎಂದ ಅಂಗಡಿಯವರ ಮಗ.

ಸೈಕಲ್ಲು ಮನೆ ಮುಟ್ಟಿದಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದನಂತೆ. ತಾಯಿ ಹಾಲು ಕರೆದು ಕ್ಯಾನು ತುಂಬಿಟ್ಟಿದ್ದರು. ತಂದೆ ಸೈಕಲ್ಲನ್ನು ನೋಡಲೇ ಇಲ್ಲ. ಮಗನೆಲ್ಲಿ ಎಂದು ಕೇಳಿ, ಹುಡುಗರು ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು, ಬರಿಗಾಲಿನಲ್ಲಿಯೇ ಸಸ್ತಾಪುರ ಬಂಗಲೆಯ ಕಡೆಗೆ ಓಡಿದರು. ಅವರು ಅಡ್ಡದಾರಿ ಹಿಡಿದದ್ದರಿಂದ ನಮ್ಮ ಬಸ್ಸನ್ನು ಕಾಣಲಿಲ್ಲ. ಕೂಟದಲ್ಲಿ ಲಾರಿಗೆ ಕೈಮಾಡುತ್ತ ನಿಂತಾಗ ಪಿ.ಟಿ. ಮಾಸ್ತರರ ಸಾಲು ಬಂದಿತು. ಮಗ ಬಸ್ಸಿನಲ್ಲಿ ಮನೆಗೆ ಹೋದನೆಂದು ತಿಳಿದ ಮೇಲೆ ರಸ್ತೆಯ ಬದಿಯಲ್ಲಿ ಕುಳಿತುಬಿಟ್ಟರಂತೆ. ಒಬ್ಬ ಹುಡುಗನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಅವರನ್ನು ಊರಿಗೆ ತಂದರು.

ಅಷ್ಟರಲ್ಲಿ ಆ ಇಬ್ಬರು ಸುಮ್ಮನಿರಲಿಲ್ಲ. ಹಾಲು ಕೆಡುತ್ತದೆಂದು ಕ್ಯಾನುಗಳನ್ನು ಕೊಂಡಿಗೆ ಹಾಕಿ ತಾವೇ ಹೊರಟಿದ್ದರು. ಮನೆಗಳ ಪಟ್ಟಿ ಹುಣಸೆಯ ಮರದ ಕೆಳಗೆ ಅವರ ಕಿವಿಗೆ ಬಿದ್ದಿತ್ತಲ್ಲ, ಹದಿನೇಳರ ತನಕ. ಉಳಿದ ಆರನ್ನು ಅಂದಾಜಿನಿಂದ ಹಾಕಿದರು. ಒಂದು ಮನೆಗೆ ಎರಡು ಸಲ ಹೋಯಿತು. ನಮ್ಮ ಹೆಡ್‌ಮಾಸ್ತರರ ಮನೆಗೆ ಹೋಗಲೇ ಇಲ್ಲ, ಆ ರಾತ್ರಿ ಅವರು ಕರಿಯ ಚಹಾ ಕುಡಿದದ್ದನ್ನು ನಿವೃತ್ತರಾಗುವ ತನಕ ಹೇಳುತ್ತಿದ್ದರು.

ಮರುದಿನ ಮಧ್ಯಾಹ್ನ ಆ ತಂದೆ ಗಾಲಿಯನ್ನು ಬಿಚ್ಚಿ, ಕಡ್ಡಿಗಳನ್ನೆಲ್ಲ ಒರೆಸಿ, ಹಬ್ಬಿಗೆ ಎಣ್ಣೆ ಬಿಟ್ಟು ಬಟ್ಟೆ ಅಂಗಡಿಗೆ ಮುಟ್ಟಿಸಿ ಬಂದರು. ಪ್ರವಾಸದ ವರ್ಗಣಿಯಲ್ಲಿ ಉಳಿದ ಹಣಕ್ಕೆ ಪಿ.ಟಿ. ಮಾಸ್ತರರೂ ನಾನೂ ಸ್ವಲ್ಪ ಕೂಡಿಸಿ ಹೊಸ ಟಯರು, ಟ್ಯೂಬು ತಂದುಕೊಟ್ಟೆವು. ಸುತಾರಾಂ ಬೇಡವೆಂದರು. ಕೊನೆಗೆ, ಉದ್ರಿಯೆಂದು ಬರೆದುಕೊಂಡರೆ ಮಾತ್ರ ತೆಗೆದುಕೊಳ್ಳುವೆನೆಂದು ಒಪ್ಪಿದರು. ಮೇ ತಿಂಗಳಿಡೀ ನಮ್ಮಿಬ್ಬರ ಮನೆಗೂ ಹಾಲು ಬಂತು, ಹಣ ಕೇಳಲಿಲ್ಲ. ಜೂನ್ ಒಂದನೆಯ ತಾರೀಖು ಬಂದ ಚೀಟಿಯಲ್ಲಿ ಹುಡುಗನ ಅಕ್ಷರದಲ್ಲಿ "ಟಯರ್ ಬಾಬತ್ತು ಮುಟ್ಟಿತು, ಇಂದಿನಿಂದ ನಗದು" ಎಂದು ಬರೆದಿತ್ತು.